ಸಹಾಯ ಬೇಕು: ಚೀನೀ ಭಾಷಿಕರಿಗೆ ‘ಎಕ್ಸೆಸಿವ್’ ಕಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಶಾಂಘೈನಲ್ಲಿ ಕೆಲಸ ಮಾಡುವವರಿಗೆ ಆನ್‌ಲೈನ್‌ನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಈಗ ಆಫೀಸ್ ಪತ್ರಗಳ ಪಾಠ. ‘ಎಕ್ಸೆಸಿವ್’, ಅಂದರೆ ‘ಮಿತಿ ಮೀರಿದ’ ಅನ್ನುವ ಪದ ಬಂದರೆ ಸಾಕು, ಎಡವುತ್ತಾರೆ. ಥ್ಯಾಂಕ್ಸ್ ಹೇಳುವಾಗಲೂ ‘ಎಕ್ಸೆಸಿವ್ ಹೆಲ್ಪ್’ ಅಂತ ಬರೆಯುತ್ತಾರೆ!

ಇವರ ಮ್ಯಾಂಡರಿನ್ ಭಾಷೆಯ ‘ಥಾಯ್’ ಅಂದರೆ ತೀರಾ ಜಾಸ್ತಿ. ಆದರೆ ‘ಥಾಯ್ ಹಾವ್ ಲ’ ಅಂದರೆ ‘ತುಂಬಾ ಚೆನ್ನಾಯ್ತು’ ಅನ್ನುವ ಖುಷಿ. ‘ಎಕ್ಸೆಸಿವ್’ನಲ್ಲಿ ಇರುವುದು ದೂರು ಮಾತ್ರ, ಅಲ್ವಾ? ‘ಗುವೊಫೆನ್’ ಅಂತ ಹೇಳಿದರೆ ಯಾರದ್ದೋ ನಡತೆ ಮಿತಿ ಮೀರಿತು ಅನ್ನುವ ಸಿಟ್ಟು ಸೇರಿಕೊಳ್ಳುತ್ತದೆ. ‘ಗುವೊದು’ (ಅಳತೆ ಮೀರಿದ್ದು) ‘ಎಕ್ಸೆಸಿವ್’ಗೆ ಹತ್ತಿರದ್ದು ಅನಿಸುತ್ತದೆ.

ಸದ್ಯ ಸದ್ದು, ವೇಗ, ಶುಲ್ಕ, ಕುಡಿತ ಇವುಗಳ ಜೊತೆಗೇ ಪದವನ್ನು ಜೋಡಿಸಿ ಅಭ್ಯಾಸ ಮಾಡಿಸುತ್ತಿದ್ದೇನೆ. ಇವರು ತುಂಬಾ ಶ್ರಮ ಪಡುವವರು, ಸರಿಯಾಗಿ ಕಲಿಸಲೇಬೇಕು. ಮ್ಯಾಂಡರಿನ್ ಬಲ್ಲವರು, ಚೀನಾದಲ್ಲಿ ಪಾಠ ಮಾಡಿದವರು ಇದ್ದರೆ ದಯವಿಟ್ಟು ಹೇಳಿ: ಹೆಚ್ಚುಕಡಿಮೆ ಇದೇ ಅರ್ಥದ ‘ಇನಾರ್ಡಿನೇಟ್’ ಕೂಡ ಈಗಲೇ ಕಲಿಸಲೇ, ಆಮೇಲೆ ನೋಡಲೇ?