ನೇತ್ರಾಣಿ ಡೈವ್: ದೋಣಿಯಲ್ಲಿ ಸುರಕ್ಷತೆ ಯಾರ ಹೊಣೆ?

ಪ್ರಶ್ನೆ: ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಟ್ರಿಪ್ ಬುಕ್ ಮಾಡಿದ್ದೇವೆ, ಓಪನ್ ವಾಟರ್ ಕಾರ್ಡ್ (ಡೈವಿಂಗ್‌ನ ಮೊದಲ ಹಂತದ ತರಬೇತಿ ಮುಗಿಸಿದ ಪ್ರಮಾಣಪತ್ರ) ಇದೆ. ಅಪಾಯ ಒಪ್ಪಿಕೊಳ್ಳುವ ಫಾರ್ಮ್‌ಗೆ ಸಹಿ ಹಾಕಿದ ಮೇಲೆ ಎಲ್ಲ ಹೊಣೆ ನಮ್ಮದೇನಾ?

ಉತ್ತರ 1: ಅಲ್ಲ. ದೋಣಿ, ಹವಾಮಾನ, ರೇಡಿಯೋ ಕ್ಯಾಪ್ಟನ್ ನೋಡಬೇಕು. ಬ್ರೀಫಿಂಗ್, ತಲೆ ಎಣಿಕೆ ಡೈವ್ ಮಾಸ್ಟರ್ (ಡೈವ್ ಮುನ್ನಡೆಸುವವರು) ಕೆಲಸ. 1998ರಲ್ಲಿ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಎಣಿಕೆ ತಪ್ಪಿ ಇಬ್ಬರನ್ನು ಸಮುದ್ರದಲ್ಲೇ ಬಿಟ್ಟು ದೋಣಿ ದಡ ಸೇರಿತು. ಗೊತ್ತಾಗಿದ್ದು ಎರಡು ದಿನ ಕಳೆದು, ದೋಣಿಯಲ್ಲಿ ಉಳಿದಿದ್ದ ಅವರ ಬ್ಯಾಗಿನಿಂದ. ಬರೀ ತಲೆ ಎಣಿಸಿದರೆ ಸಾಲದು. ಹೆಸರು ಕರೆದಾಗ ಆ ವ್ಯಕ್ತಿಯೇ "ಇದ್ದೀನಿ" ಅನ್ನಬೇಕು, ಪಕ್ಕದವರು ಹೇಳಿದರೆ ಲೆಕ್ಕಕ್ಕಿಲ್ಲ. ಅಲ್ಲಿಯವರೆಗೆ ಎಂಜಿನ್ ಸ್ಟಾರ್ಟ್ ಮಾಡಬಾರದು.

ಉತ್ತರ 2: ನಿಮ್ಮ ಪಾಲೂ ಇದೆ ಸ್ವಾಮಿ. ನೀರಿಗಿಳಿಯುವ ಮೊದಲು, ಗಾಳಿಯ ಒತ್ತಡ ತೋರಿಸುವ ಗೇಜ್ ನೋಡುತ್ತಾ ರೆಗ್ಯುಲೇಟರ್‌ನಲ್ಲಿ (ಬಾಯಲ್ಲಿಟ್ಟು ಉಸಿರಾಡುವ ಸಾಧನ) ನಾಲ್ಕು ಉಸಿರು ಎಳೆಯಿರಿ; ಮುಳ್ಳು ಕುಸಿದು ಮತ್ತೆ ಏರಿದರೆ ಸಿಲಿಂಡರ್ ವಾಲ್ವ್ ಪೂರ್ತಿ ತೆರೆದಿಲ್ಲ ಎಂದರ್ಥ. ನೀರೊಳಗೆ ಸಿಲಿಂಡರ್ ಒತ್ತಡ 100 ಬಾರ್‌ಗೆ ಇಳಿದರೆ, 5 ಮೀಟರ್‌ನಲ್ಲಿ 3 ನಿಮಿಷ ನಿಂತು, 50 ಬಾರ್ ಉಳಿಸಿಕೊಂಡೇ ಮೇಲೆ ಬನ್ನಿ. ಸೀಟಿ ಜೊತೆಗಿರಲಿ.

ಪ್ರಶ್ನೆ ಕೇಳಿದವರು: ದೋಣಿಯಲ್ಲಿ ತುರ್ತು ಚಿಕಿತ್ಸೆಗೆ ಆಕ್ಸಿಜನ್ ಇದೆ ಅಂದರು. ಸಾಕಲ್ವಾ?

ಉತ್ತರ 1: ಪೆಟ್ಟಿಗೆ ತೆರೆಸಿ ನೋಡಿ. ಮಾಸ್ಕ್ ಇಲ್ಲದಿದ್ದರೆ, ಇಲ್ಲವೇ ಗೇಜ್ ಸೊನ್ನೆಯಲ್ಲಿದ್ದರೆ ಅದು ಬರೀ ಭಾರ. ದಡದಲ್ಲೇ ಕೇಳಿ, ನಡುಗಡಲಲ್ಲಿ ಅಲ್ಲ.