ಏರಿನಲ್ಲಿ ಕೈಕೊಡುವ ಎಲೆಕ್ಟ್ರಿಕ್ ಮೌಂಟನ್ ಬೈಕ್: ಟೈರ್ ಬದಲಿಸಲೇ, ಗೇರ್ ಬದಲಿಸಲೇ?

ಹೇಮಾವತಿ ದಂಡೆ:
ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟ. ಹಳ್ಳದ ಪಕ್ಕದ ಪಂಪ್‌ಮನೆಯಿಂದ ಮೇಲಿನ ಡಾಂಬರು ರಸ್ತೆಗೆ ಸುಮಾರು ಒಂದು ಕಿಲೋಮೀಟರ್ ಮಣ್ಣಿನ ದಾರಿ. ಅಷ್ಟರಲ್ಲೇ 110 ಮೀಟರ್ ಏರಬೇಕು. ಬೈಕಿನ ಹಿಂದಿನ ಚಕ್ರದಲ್ಲಿ 250 ವ್ಯಾಟ್ ಹಬ್ ಮೋಟರ್ (ಚಕ್ರದ ನಡುಭಾಗದಲ್ಲೇ ಕೂತಿರುವ ಮೋಟರ್) ಇದೆ, ಬ್ಯಾಟರಿ 36 ವೋಲ್ಟ್. ಮುಂದೆ 42 ಹಲ್ಲಿನ ಒಂದೇ ಹಲ್ಲುಚಕ್ರ, ಹಿಂದೆ 14ರಿಂದ 28 ಹಲ್ಲಿನವರೆಗೆ ಏಳು ಗೇರ್, ಟೈರ್ 29 × 2.1 ಇಂಚು.

ಅರ್ಧ ಏರು ಹತ್ತುವಷ್ಟರಲ್ಲಿ ಮೋಟರ್ ನಿಂತುಬಿಡುತ್ತದೆ. ಮಳೆ ಬಿದ್ದರೆ ಹಿಂದಿನ ಚಕ್ರ ಕೆಸರಿನಲ್ಲಿ ನಿಂತಲ್ಲೇ ತಿರುಗುತ್ತದೆ. ಜೋರಾಗಿ ತುಳಿದರೆ ಚೈನು ಕಟಕ್ಕೆಂದು ಹಲ್ಲು ಹಾರುತ್ತದೆ. 2.6 ಅಗಲದ ಟೈರ್ ಹಾಕಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ನಂಬಬಹುದೇ?

ಕಡೂರು ಬಯಲು:
ಮೋಟರಿನ ಎಳೆತಕ್ಕೆ ನಿಮ್ಮ ಚೈನು ಸವೆದಿದೆ, ಅಷ್ಟೇ. ಹಿಂದೆ 14-34ರ ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಹಾಕಿಸಿ, ಮೋಟರಿಗೂ ಭಾರ ಇಳಿಯುತ್ತದೆ.

ಹಳೆ ಸ್ಪ್ಯಾನರ್:
ಕಡೂರಿನವರು ಹೇಳಿದ್ದು ಪೆಡಲಿನ ಬಳಿ ಮೋಟರ್ ಇರುವ ಬೈಕುಗಳಿಗೆ ಸರಿ. ಅಲ್ಲಿ ಮೋಟರಿನ ಶಕ್ತಿ ಚೈನಿನ ಮೂಲಕವೇ ಹೋಗುತ್ತದೆ, ಗೇರ್ ಇಳಿಸಿದರೆ ಮೋಟರಿಗೂ ಹಗುರ. ಹಬ್ ಮೋಟರ್ ಚಕ್ರವನ್ನು ನೇರವಾಗಿ ತಿರುಗಿಸುತ್ತದೆ. ನೀವು ಯಾವ ಗೇರಿನಲ್ಲಿದ್ದೀರಿ ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಚೈನಿನ ಮೇಲೆ ಬೀಳುವುದು ನಿಮ್ಮ ಕಾಲಿನ ಭಾರ ಮಾತ್ರ. ಆದ್ದರಿಂದ ಇಲ್ಲಿ ಗೇರ್ ಆರಿಸಬೇಕಾದದ್ದು ಕಾಲಿಗಾಗಿ.

ಲೆಕ್ಕ ನೋಡಿ. ನೀವು, ಬೈಕು, ಚೀಲ ಎಲ್ಲ ಸೇರಿ 105 ಕಿಲೋ ಎಂದಿಟ್ಟುಕೊಳ್ಳೋಣ. ಈಗಿನ ಅತಿ ಹಗುರ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ ಸುಮಾರು 12.4 ಕಿಲೋಮೀಟರ್. ನೂರಕ್ಕೆ ಹನ್ನೊಂದರ ಏರಿನಲ್ಲಿ, ಮೆತ್ತನೆಯ ಮಣ್ಣಿನಲ್ಲಿ, ಆ ವೇಗಕ್ಕೆ 460 ವ್ಯಾಟ್ ಆಸುಪಾಸು ಬೇಕು. ಮೋಟರ್ 250 ಕೊಟ್ಟರೂ ಉಳಿದ 210 ನಿಮ್ಮ ಕಾಲಿನಿಂದ ಬರಬೇಕು. ದಿನವೂ ಸೈಕಲ್ ತುಳಿಯುವವರಿಗೂ ಇದು ಏದುಸಿರಿನ ಕೆಲಸ. ಸುತ್ತು ಕಡಿಮೆಯಾಗುತ್ತದೆ, ಚಕ್ರ ನಿಧಾನವಾಗುತ್ತದೆ, ಮೋಟರ್ ತಿರುಗುವುದಕ್ಕಿಂತ ಬಿಸಿಯಾಗುವುದೇ ಹೆಚ್ಚು.

ಮುಂದಿನ ಹಲ್ಲುಚಕ್ರವನ್ನು 34ಕ್ಕೆ ಇಳಿಸಿ. ಅದೇ 60 ಸುತ್ತಿಗೆ ವೇಗ 10 ಕಿಲೋಮೀಟರ್, ಬೇಕಾಗುವ ಶಕ್ತಿ ಸುಮಾರು 375 ವ್ಯಾಟ್, ನಿಮ್ಮ ಪಾಲು 125. ಮಟ್ಟದ ರಸ್ತೆಯಲ್ಲೂ ನಷ್ಟವಿಲ್ಲ: 34-14ರಲ್ಲಿ 80 ಸುತ್ತು ತುಳಿದರೆ ಗಂಟೆಗೆ 26 ಕಿಲೋಮೀಟರ್ ದಾಟುತ್ತದೆ, ಮೋಟರ್ ಹೇಗೂ 25ಕ್ಕೆ ನೆರವು ನಿಲ್ಲಿಸುತ್ತದೆ. 14-34ರ ಏಳು ಗೇರಿನ ಫ್ರೀವೀಲ್ ನನಗೆ ಇಷ್ಟವಿಲ್ಲ. 24ರಿಂದ ಒಮ್ಮೆಗೇ 34ಕ್ಕೆ ನೆಗೆಯುತ್ತದೆ. ಏರಿನ ನಡುವೆ ಆ ನೆಗೆತ ಕಾಲಿಗೆ ಹೊಂದುವುದಿಲ್ಲ. ನಿಮ್ಮ ಹಿಂದಿನ ಡಿರೇಲರ್ (ಗೇರ್ ಬದಲಿಸಲು ಚೈನನ್ನು ಸರಿಸುವ ಭಾಗ) 34 ಹಲ್ಲನ್ನು ತಾಳುತ್ತದೆಯೇ ಎಂದೂ ನೋಡಬೇಕಾಗುತ್ತದೆ.

ಇನ್ನು ಎರಡು ವಿಷಯ ಪರೀಕ್ಷಿಸಿ ತಿಳಿಸಿ. ಮೋಟರ್ ನಿಂತ ಕೂಡಲೇ ಹಬ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದು, ಆರಿದ ಮೇಲಷ್ಟೇ ಚಾಲೂ ಆದರೆ ಅದು ಕಾವಿನ ದೋಷ. ಆಫ್ ಮಾಡಿ ಆನ್ ಮಾಡಿದ ತಕ್ಷಣ ಓಡಿದರೆ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತಿದೆ ಎಂದರ್ಥ. ಚೈನನ್ನು ಸ್ಕೇಲಿನಲ್ಲಿ ಅಳೆಯಿರಿ: ಹೊಸದರಲ್ಲಿ 24 ಕೊಂಡಿಗಳ ಉದ್ದ 304.8 ಮಿಲಿಮೀಟರ್. 307 ದಾಟಿದ್ದರೆ ಬದಲಿಸಲೇಬೇಕು.

ಕಡೂರು ಬಯಲು:
ಹಬ್ ಮೋಟರಿನ ಮಾತು ಒಪ್ಪಿದೆ. ಟೈರಿನ ಬಗ್ಗೆ ನಾನು ಹೇಳುತ್ತೇನೆ. ಕೆಸರಿಗೆ ಅಗಲಕ್ಕಿಂತ ಟೈರಿನ ಮೇಲಿನ ಉಬ್ಬುಗಳ, ಅಂದರೆ ಬಟನ್‌ಗಳ ನಡುವಿನ ಜಾಗ ಮುಖ್ಯ. ಒತ್ತೊತ್ತಾಗಿ ಬಟನ್ ಇರುವ 2.6 ಟೈರಿಗೆ ಕೆಮ್ಮಣ್ಣು ಮೆತ್ತಿಕೊಂಡರೆ ಅದು ಉಂಡೆಯಾಗಿಯೇ ಉರುಳುತ್ತದೆ. ನಿಮ್ಮ ರಿಮ್ಮಿನ ಒಳ ಅಗಲ 19-21 ಮಿಲಿಮೀಟರ್ ಇದ್ದರೆ 2.6 ಅದರ ಮೇಲೆ ಅಲುಗಾಡುತ್ತದೆ, ಫ್ರೇಮಿಗೂ ಉಜ್ಜಬಹುದು. 2.25 ಅಥವಾ 2.35 ಸಾಕು, ಬಟನ್‌ಗಳು ಎತ್ತರವಾಗಿ, ದೂರ ದೂರ ಇರಲಿ. ಎರಡೂ ಬದಿಗೆ ಕನಿಷ್ಠ 6 ಮಿಲಿಮೀಟರ್ ಜಾಗ ಉಳಿಯಬೇಕು. ಟೈರಿನ ಬದಿಯಲ್ಲಿ 622 (ರಿಮ್ಮಿನ ಅಳತೆ, ಮಿಲಿಮೀಟರಿನಲ್ಲಿ) ಎಂಬ ಅಂಕಿ ಇದೆಯೇ ನೋಡಿ ಕೊಳ್ಳಿ. 27.5 ಇಂಚಿನದು 584, ಅದು ನಿಮ್ಮ ರಿಮ್ಮಿಗೆ ಕೂರುವುದಿಲ್ಲ.

ಅದಕ್ಕೂ ಮೊದಲು, ಈಗ ಗಾಳಿ ಎಷ್ಟಿದೆ?

ಹೇಮಾವತಿ ದಂಡೆ:
50 ಪಿಎಸ್‌ಐ. ಅಂಗಡಿಯಲ್ಲಿ ಅಷ್ಟೇ ತುಂಬಿಸುತ್ತಾರೆ. ಹಬ್ ಬಿಸಿಯಿತ್ತು, ಆದರೆ ಕೈ ಇಡಬಹುದಿತ್ತು. ಆಫ್ ಮಾಡಿ ಆನ್ ಮಾಡಿದರೆ ಕೂಡಲೇ ಓಡುತ್ತದೆ. ಏರಿನಲ್ಲಿ ಬ್ಯಾಟರಿಯ ಗೆರೆ ಮೂರರಿಂದ ಒಂದಕ್ಕೆ ಇಳಿದು, ನಿಂತ ಮೇಲೆ ಮತ್ತೆ ಮೂರಾಗುತ್ತದೆ. ಚೈನು 308 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚೇ ಇದೆ.

ಹಳೆ ಸ್ಪ್ಯಾನರ್:
ಹಾಗಾದರೆ ಬ್ಯಾಟರಿಯದೇ ತೊಂದರೆ. 36 ವೋಲ್ಟ್ ಬ್ಯಾಟರಿ ಪೂರ್ತಿ ತುಂಬಿದಾಗ 42 ವೋಲ್ಟ್ ಇರುತ್ತದೆ. ಭಾರ ಬಿದ್ದು 31ರ ಸುತ್ತ ಇಳಿದರೆ ಕಂಟ್ರೋಲರ್ (ಮೋಟರಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಪೆಟ್ಟಿಗೆ) ಅದನ್ನು ಕತ್ತರಿಸುತ್ತದೆ. ಈ ಏರಿಗೆ ಬೇಕಾದ ಶಕ್ತಿ ತೀರಾ ಕಡಿಮೆ, ಸುಮಾರು 37 ವ್ಯಾಟ್-ಅವರ್. ಒಮ್ಮೆಗೇ ಎಳೆಯುವುದರಿಂದ ಬ್ಯಾಟರಿ ಬಗ್ಗುತ್ತದೆ. ಏರು ಹತ್ತುವ ದಿನ ಚಾರ್ಜ್ ಮುಕ್ಕಾಲಿಗಿಂತ ಮೇಲಿರಲಿ, ನೆರವನ್ನು ಒಂದು ಹಂತ ಇಳಿಸಿ. ಕೆಸರಿನಲ್ಲೂ ಇದೇ ಔಷಧ. ನಿಮ್ಮ ಬೈಕಿನ ಸೆನ್ಸರ್ ಪೆಡಲ್ ತಿರುಗುವುದನ್ನು ಮಾತ್ರ ಗುರುತಿಸುವ ಬಗೆಯದಾಗಿದ್ದರೆ, ಕಾಲು ಮೆಲ್ಲಗೆ ತಿರುಗಿಸಿದರೂ ಅದು ಆ ಹಂತದ ಪೂರ್ತಿ ಶಕ್ತಿ ಕೊಡುತ್ತದೆ. ಚಕ್ರ ಜಾರದೆ ಇನ್ನೇನು ಮಾಡೀತು?

ಚೈನು ಅಷ್ಟು ಸವೆದಿರುವಾಗ ಫ್ರೀವೀಲೂ ಸವೆದಿರುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಿ, ಇಲ್ಲವಾದರೆ ಹೊಸ ಚೈನು ಇನ್ನೂ ಹಾರುತ್ತದೆ. ಫ್ರೀವೀಲ್ 14-28ರದೇ ಇರಲಿ. ಮುಂದೆ 34 ಆದ ಮೇಲೆ ಚೈನಿನಲ್ಲಿ ನಾಲ್ಕು ಕೊಂಡಿ ಕಡಿಮೆ ಸಾಕು.

ಕಡೂರು ಬಯಲು:
ಮಣ್ಣಿನಲ್ಲಿ 50 ಪಿಎಸ್‌ಐ ಬಹಳ ಹೆಚ್ಚಾಯಿತು. ಹೊಸ ಟೈರಿಗೆ ಹಣ ಸುರಿಯುವ ಮೊದಲು ಹಿಂದೆ 32, ಮುಂದೆ 28 ಇಟ್ಟು ನೋಡಿ. ಕಲ್ಲಿಗೆ ರಿಮ್ ತಗುಲಿದರೆ ಎರಡೆರಡು ಏರಿಸಿ.

ಹೇಮಾವತಿ ದಂಡೆ:
ಗಾಳಿ ಇಳಿಸಿದ್ದರಿಂದಲೇ ಅರ್ಧ ಜಾರುವಿಕೆ ನಿಂತಿತು. ಹಳೆಯ ಹಲ್ಲುಚಕ್ರವನ್ನು ಕ್ರ್ಯಾಂಕಿಗೇ (ಪೆಡಲಿನ ತೋಳಿಗೇ) ರಿವೆಟ್ ಹೊಡೆದಿದ್ದರಿಂದ ಕ್ರ್ಯಾಂಕನ್ನೇ ಬದಲಿಸಬೇಕಾಯಿತು. ಚೈನು ಈಗ ಹಾರುತ್ತಿಲ್ಲ. ಆದರೆ ಪೆಡಲ್ ತುಳಿದರೆ ಮೋಟರ್ ಚಾಲೂ ಆಗುತ್ತಿಲ್ಲ! ಥ್ರಾಟಲ್ ತಿರುಗಿಸಿದರೆ ಓಡುತ್ತದೆ.

ಹಳೆ ಸ್ಪ್ಯಾನರ್:
ಥ್ರಾಟಲಿಗೆ ಓಡುತ್ತದೆ ಎಂದರೆ ಮೋಟರ್, ಕಂಟ್ರೋಲರ್ ಎರಡೂ ಚೆನ್ನಾಗಿವೆ. ಕ್ರ್ಯಾಂಕಿನ ಹಿಂದೆ ಆಯಸ್ಕಾಂತಗಳಿರುವ ಪ್ಲಾಸ್ಟಿಕ್ ಬಿಲ್ಲೆ ಇದೆಯಲ್ಲ, ಅದು ಸೆನ್ಸರಿನಿಂದ ಎರಡು-ಮೂರು ಮಿಲಿಮೀಟರ್ ದೂರದಲ್ಲಿರಬೇಕು. ಹಲವು ಬಿಲ್ಲೆಗಳಿಗೆ ದಿಕ್ಕೂ ಇರುತ್ತದೆ. ಹಿಮ್ಮುಖವಾಗಿ ತುಳಿದಾಗ ಮೋಟರ್ ಎಳೆದರೆ ಬಿಲ್ಲೆ ಮಗುಚಿ ಕೂತಿದೆ ಎಂದು ತಿಳಿಯಿರಿ. ಪರೀಕ್ಷಿಸುವಾಗ ಹಿಂದಿನ ಚಕ್ರ ಎತ್ತಿ ಹಿಡಿಯಿರಿ.

ಹೇಮಾವತಿ ದಂಡೆ:
ಮಗುಚಿಯೇ ಕೂತಿತ್ತು. ತಿರುಗಿಸಿ ಹಾಕಿದೆ, ಎರಡನೇ ಹಂತದ ನೆರವಿನಲ್ಲಿ ರಸ್ತೆಯವರೆಗೂ ನಿಲ್ಲದೆ ಬಂತು. ಟೈರ್ 2.35ರದನ್ನು ಮಳೆಗಾಲಕ್ಕೆ ಮುಂಚೆ ತರಿಸುತ್ತೇನೆ. ಹಿಂದಿನ ಚಕ್ರ ಬಿಚ್ಚುವಾಗ ಏನು ಗಮನಿಸಬೇಕು?

ಹಳೆ ಸ್ಪ್ಯಾನರ್:
ಮೊದಲು ಮೋಟರಿನ ವಯರಿನ ಕನೆಕ್ಟರ್ ಬಿಚ್ಚಿ. ಅದನ್ನು ನೇರವಾಗಿ ಎಳೆಯಬೇಕು, ತಿರುಚಬಾರದು. ಆಕ್ಸಲ್ ತಿರುಗದಂತೆ ತಡೆಯುವ ಕೊಕ್ಕೆಯ ವಾಷರ್‌ಗಳಿರುತ್ತವೆ. ಯಾವ ಬದಿಗೆ ಯಾವುದು, ಹೇಗೆ ಕೂತಿತ್ತು ಎಂದು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಟೈರ್ ಹಾಕುವಾಗ ಬದಿಯ ಬಾಣದ ಗುರುತು ಮುಂದಕ್ಕಿರಲಿ. ಹೊಸ ಕ್ರ್ಯಾಂಕಿನ ಬೋಲ್ಟನ್ನು ಈ ವಾರವೇ ಇನ್ನೊಮ್ಮೆ ಬಿಗಿ ಮಾಡಿ.