ಕೋಲಾರದ ಕೆರೆಗಳು: ಗ್ರಾಮಸಭೆಗೆ ಮಾತಿದೆಯೇ?

ನರಸಾಪುರ ಹೋಬಳಿಯ ರೈತ: ಜೀವನದಿಯಿಲ್ಲದ ನಮ್ಮ ಜಿಲ್ಲೆಗೆ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರು 2018ರಿಂದ ಬರುತ್ತಿದೆ. ದಿನಕ್ಕೆ 44 ಕೋಟಿ ಲೀಟರ್ ಹರಿಸಿ 126 ಕೆರೆ ತುಂಬಿಸುವುದು ಅದರ ಗುರಿಯಾಗಿತ್ತು. ನೀರು ಬಂದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಯಾವ ಕೆರೆ ಮೊದಲು ತುಂಬಬೇಕು, ಆ ನೀರನ್ನು ನಂಬಿ ಏನು ಬೆಳೆಯಬೇಕು ಎಂಬ ಪ್ರಶ್ನೆ ನಮ್ಮೂರ ಗ್ರಾಮಸಭೆಯ ಮುಂದೆ ಬಂದದ್ದನ್ನು ನಾನು ಕಂಡಿಲ್ಲ.

ನಿವೃತ್ತ ಎಂಜಿನಿಯರ್: ಬರಬೇಕಾಗಿಯೂ ಇಲ್ಲ. ಇಲ್ಲಿನ ಕೆರೆಗಳು ಸರಣಿಯಾಗಿವೆ. ಮೇಲಿನದು ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಊರೂರಿಗೂ ಪ್ರತ್ಯೇಕ ತೀರ್ಮಾನದ ಹಕ್ಕು ಕೊಟ್ಟರೆ, ಮೇಲಿನ ಊರಿನವರು ಕೋಡಿ ಎತ್ತರಿಸಿಕೊಂಡು ಕೂರುತ್ತಾರೆ.

ಮಾಜಿ ಪಂಚಾಯಿತಿ ಸದಸ್ಯೆ: ಅದು ನಿಜವೇ. ಆದರೆ ಸರಣಿಯನ್ನು ಒಟ್ಟಾಗಿ ನೋಡುವವರು ಸರ್ಕಾರದಲ್ಲಾದರೂ ಯಾರಿದ್ದಾರೆ? ಅಚ್ಚುಕಟ್ಟು, ಅಂದರೆ ಕೆರೆ ನೀರುಣಿಸುವ ಜಮೀನು, 40 ಹೆಕ್ಟೇರ್ ಮೀರಿದರೆ ಕೆರೆ ಸಣ್ಣ ನೀರಾವರಿ ಇಲಾಖೆಯದು, ರಾಜಕಾಲುವೆಯ ಒತ್ತುವರಿ ಅಳೆಯಬೇಕಾದವರು ಕಂದಾಯ ಇಲಾಖೆಯವರು. 2021–26ರ ಅವಧಿಗೆ ಪಂಚಾಯಿತಿಗೆ ಬಂದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು; ಉಳಿದುದರಲ್ಲಿ ಸಿ.ಸಿ. ರಸ್ತೆ, ಚರಂಡಿ. (ಚುನಾವಣೆ ಹತ್ತಿರವಿದ್ದರೆ ಬರೀ ರಸ್ತೆ.) ಹೀಗಾಗಿ ಪೋಷಕ ಕಾಲುವೆ ಎಲ್ಲಿ ಮುಚ್ಚಿದೆ ಎಂಬುದು ವಾರ್ಡ್ ಸಭೆಗೆ ಬಂದವರಿಗೆಲ್ಲ ಗೊತ್ತಿದ್ದರೂ ಅಭಿವೃದ್ಧಿ ಯೋಜನೆಯ ಪುಟಗಳಲ್ಲಿ ಅದು ಕಾಣಿಸುವುದಿಲ್ಲ.

ನರಸಾಪುರ ಹೋಬಳಿಯ ರೈತ: ಗುಣಮಟ್ಟದ ಮಾತೂ ಇದೆ. ಬರುವುದು ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು. 2018ರಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು, ವಿಷಯ ನ್ಯಾಯಾಲಯಕ್ಕೂ ಹೋಯಿತು. ಪರೀಕ್ಷೆಯ ವರದಿಯನ್ನು ಪಂಚಾಯಿತಿ ಫಲಕಕ್ಕೆ ಅಂಟಿಸಲು ಯಾವ ತಾಂತ್ರಿಕ ಅಡ್ಡಿಯಿದೆ?

ನಿವೃತ್ತ ಎಂಜಿನಿಯರ್: ಅಡ್ಡಿಯಿಲ್ಲ, ಅಂಟಿಸಲೇಬೇಕು. ಮೂರನೇ ಹಂತದ ಶುದ್ಧೀಕರಣದ ವೆಚ್ಚವನ್ನು ಮಾತ್ರ ರಾಜ್ಯವೇ ಹೊರಬೇಕು. ಆದರೆ ಅಂತರ್ಜಲ ಏರಿದ ಕೂಡಲೇ ಹೊಸ ಕೊಳವೆಬಾವಿ ಕೊರೆಯುವವರನ್ನು ತಡೆಯುವವರು ಯಾರು? ಯಾವ ಇಲಾಖೆಯೂ ಅದನ್ನು ಊರಿನವರಷ್ಟು ಚೆನ್ನಾಗಿ ಮಾಡಲಾರದು.

ಮಾಜಿ ಪಂಚಾಯಿತಿ ಸದಸ್ಯೆ: ಹಾಗಾದರೆ ಒಂದೇ ಸರಣಿಯ ಪಂಚಾಯಿತಿಗಳು ವಾರ್ಷಿಕ ಯೋಜನೆ ಬರೆಯುವ ಮೊದಲು, ಸರ್ವೆ ನಕ್ಷೆಯನ್ನು ಮುಂದಿಟ್ಟುಕೊಂಡು ಒಟ್ಟಿಗೆ ಕೂರಲಿ, ತಹಶೀಲ್ದಾರರೂ ಸಣ್ಣ ನೀರಾವರಿ ಎಂಜಿನಿಯರರೂ ಅಲ್ಲಿಗೆ ಬರಲಿ. ಕೋಡಿಯ ಎತ್ತರ, ಬೆಳೆ, ಕೊಳವೆಬಾವಿ ಮೂರನ್ನೂ ಅಲ್ಲಿಯೇ ನಿರ್ಧರಿಸಿ ನಡಾವಳಿಯಲ್ಲಿ ಬರೆಸೋಣ.